ಕಿರುತೆರೆಯಿಂದ ಹಿರಿತೆರೆಗೆ: ನಾಯಕಿಯರಿಗೆ ಸಿಕ್ಕ ಪಾತ್ರಗಳ ಹಿನ್ನೆಲೆ

ಧಾರಾವಾಹಿಯಲ್ಲಿ ಮನೆಮಾತಾದ ನಟಿ ಸಿನಿಮಾ ಒಪ್ಪಿಕೊಂಡರೆ ಅದನ್ನು ಬಡ್ತಿ ಎಂದೇ ಗಾಂಧಿನಗರ ಲೆಕ್ಕ ಹಾಕುತ್ತದೆ. ಪಾತ್ರಗಳನ್ನು ನೋಡಿದರೆ ಈ ಲೆಕ್ಕ ಅಷ್ಟು ಸರಳವಾಗಿಲ್ಲ.

ದೂರದರ್ಶನದ ನಂತರ 1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ ಬಂದು, ದಿನಕ್ಕೊಂದು ಕಂತಿನ ಪದ್ಧತಿ ನೆಲೆಯೂರಿತು. ಆದರೆ ಚಿತ್ರರಂಗ ಕಿರುತೆರೆಯತ್ತ ಗಂಭೀರವಾಗಿ ತಿರುಗಿ ನೋಡಿದ್ದು ‘ನಂದಗೋಕುಲ’ ಧಾರಾವಾಹಿಯ ರಾಧಿಕಾ ಪಂಡಿತ್ 2008ರಲ್ಲಿ ‘ಮೊಗ್ಗಿನ ಮನಸು’ ಚಿತ್ರದ ಮೂಲಕ ಬಂದ ಮೇಲೆ. ನಾಲ್ವರು ಕಾಲೇಜು ಹುಡುಗಿಯರೇ ಕಥೆಯ ಕೇಂದ್ರವಾಗಿದ್ದ ಆ ಚಿತ್ರ ಅವರಿಗೆ ರಾಜ್ಯ ಪ್ರಶಸ್ತಿಯನ್ನೂ ತಂದಿತು. ಎರಡು ವರ್ಷಗಳ ಬಳಿಕ ‘ಕೃಷ್ಣನ್ ಲವ್ ಸ್ಟೋರಿ’ಯಲ್ಲಿ ತಪ್ಪು ಮಾಡುವ, ಅದರ ಬೆಲೆ ತೆರುವ ಗೀತಾಳ ಪಾತ್ರ ಸಿಕ್ಕಿತು. ನಾಯಕಿಗೆ ತಪ್ಪು ಮಾಡುವ ಸ್ವಾತಂತ್ರ್ಯ ನಮ್ಮ ಚಿತ್ರಕಥೆಗಳಲ್ಲಿ ಅಪರೂಪ.

2013ರಲ್ಲಿ ‘ಅರಸಿ’ ಧಾರಾವಾಹಿಯ ರಚಿತಾ ರಾಮ್ ‘ಬುಲ್‌ಬುಲ್’ ಚಿತ್ರದಲ್ಲಿ ದರ್ಶನ್‌ಗೆ ಜೋಡಿಯಾದರು. ಅಲ್ಲಿಂದ ಸ್ಟಾರ್ ನಟರ ಚಿತ್ರಗಳಿಗೂ ಕಿರುತೆರೆಯ ಮುಖಗಳು ಸಲ್ಲುತ್ತವೆ ಎಂಬ ಧೈರ್ಯ ಮೂಡಿತು. ‘ಜೊತೆಜೊತೆಯಲಿ’ಯ ಮೇಘಾ ಶೆಟ್ಟಿ 2022ರಲ್ಲಿ ‘ತ್ರಿಬಲ್ ರೈಡಿಂಗ್’ಗೆ ಬಂದದ್ದೂ ಇದೇ ಹಾದಿಯಲ್ಲಿ. ಬಾಗಿಲು ತೆರೆಯಿತು ನಿಜ, ಆದರೆ ಪಾತ್ರ ಕಿರಿದಾಯಿತು. ಧಾರಾವಾಹಿಯಲ್ಲಿ ಇಡೀ ಮನೆಯ ಕಥೆ ಹೊತ್ತವಳಿಗೆ ಇಲ್ಲಿ ಸಿಗುವುದು ಹಲವು ಬಾರಿ ಎರಡು ಹಾಡು, ಕೆಲವು ದೃಶ್ಯ ಮಾತ್ರ.

ಎರಡನ್ನೂ ಒಟ್ಟಿಗೆ ನಿಭಾಯಿಸೋಣವೆಂದರೆ ಡೇಟ್ಸ್ ಹೊಂದುವುದಿಲ್ಲ. ವಾರಕ್ಕೆ ಐದಾರು ಕಂತು ಪ್ರಸಾರವಾಗಲೇಬೇಕಾದ್ದರಿಂದ, ಬ್ಯಾಂಕಿಂಗ್ ಕಂತುಗಳು, ಅಂದರೆ ಮುಂಚಿತವಾಗಿ ಚಿತ್ರೀಕರಿಸಿ ಇಟ್ಟುಕೊಂಡ ಕಂತುಗಳು, ಮುಗಿಯುತ್ತಿದ್ದಂತೆ ನಟಿ ಸೆಟ್‌ನಲ್ಲಿರಬೇಕು. ಇಲ್ಲದಿದ್ದರೆ ಕಥೆಯಲ್ಲಿ ಆಕೆಯನ್ನು ತವರಿಗೋ ಆಸ್ಪತ್ರೆಗೋ ಕಳುಹಿಸಲಾಗುತ್ತದೆ. ಅದೂ ಸಾಲದಾದಾಗ, ಹೊಸ ಮುಖವೊಂದು ಅದೇ ಸೀರೆಯುಟ್ಟು, ಅದೇ ತಾಳಿ ಧರಿಸಿ ಅಡುಗೆಮನೆಯಿಂದ ಹೊರಬರುತ್ತದೆ. ಮನೆಯವರು ಯಾರೂ ಬೆರಗಾಗುವುದಿಲ್ಲ!

ಹಿಮ್ಮುಖ ಪಯಣವೂ ಉಂಟು. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀ 2021ರಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಕೇಂದ್ರ ಪಾತ್ರ ವಹಿಸಿದರು. ಮೆಸ್ ನಡೆಸುವ ತಾಯಿಯೊಬ್ಬಳನ್ನು ನಾಯಕಿಯಾಗಿಸುವ ಧೈರ್ಯ ತೋರಿದ್ದು ಕಿರುತೆರೆ. ಇತ್ತ ರಚಿತಾ ಅವರು ‘ಬುಲ್‌ಬುಲ್’ ಬಂದ 12 ವರ್ಷಗಳ ಬಳಿಕ, 2025ರಲ್ಲಿ, ರಜನಿಕಾಂತ್ ಅಭಿನಯದ ‘ಕೂಲಿ’ಯಲ್ಲಿ ಖಳಛಾಯೆಯ ಕಲ್ಯಾಣಿಯಾಗಿ ಕಾಣಿಸಿಕೊಂಡರು. ಅಂಥ ಪಾತ್ರದ ಕರೆ ಬಂದದ್ದು ತಮಿಳಿನಿಂದ.