ಯೀಸ್ಟ್ ರಸದಿಂದ ಕ್ಯಾಪ್ಸೂಲಿನವರೆಗೆ: ಎನ್ಎಡಿ ನಡೆದು ಬಂದ ದಾರಿ

ಎನ್ಎಡಿ ಎಂದರೆ ಜೀವಕೋಶದೊಳಗೆ ಹೈಡ್ರೋಜನ್ ಹೊತ್ತು ಶಕ್ತಿ ತಯಾರಿಗೆ ನೆರವಾಗುವ ಅಣು. ಪೂರಕ ಮಾತ್ರೆಯ ಡಬ್ಬಿಯ ಮೇಲೆ ‘ಎನ್ಎಡಿ ಬೂಸ್ಟರ್’ ಎಂದಿದ್ದರೂ ಒಳಗೆ ಸಾಮಾನ್ಯವಾಗಿ ಎನ್ಎಡಿ ಇರುವುದಿಲ್ಲ. ಇರುವುದು ಎನ್ಎಂಎನ್ (ನಿಕೋಟಿನಮೈಡ್ ಮಾನೊನ್ಯೂಕ್ಲಿಯೊಟೈಡ್) ಅಥವಾ ಎನ್ಆರ್ (ನಿಕೋಟಿನಮೈಡ್ ರೈಬೊಸೈಡ್). ಎರಡೂ ಬಿ3 ವಿಟಮಿನ್ನಿನ ಬಳಗದವೇ. ಅವುಗಳಿಂದ ಎನ್ಎಡಿ ಕಟ್ಟಿಕೊಳ್ಳುವ ಕೆಲಸ ದೇಹದ್ದು. ಜೀವಕೋಶಕ್ಕೆ ಶಕ್ತಿ, ಮುಪ್ಪಿಗೆ ತಡೆ ಎಂಬ ಮಾತು ಈ ಅಣುವಿಗೆ ಅಂಟಿಕೊಂಡದ್ದು ಇತ್ತೀಚೆಗೆ. ಅಣುವಿನ ಪರಿಚಯ ಮಾತ್ರ ನೂರು ವರ್ಷಕ್ಕಿಂತ ಹಳೆಯದು.

1906ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಯೀಸ್ಟಿನ ರಸವನ್ನು ಜೆಲಟಿನ್ ಶೋಧಕದಲ್ಲಿ ಒತ್ತಿ ಸೋಸಿದ ಪ್ರಯೋಗವನ್ನು ಪ್ರಕಟಿಸಿದರು. ಮೇಲುಳಿದ ಗಸಿಗೆ ಸಕ್ಕರೆ ಹಾಕಿದರೆ ಹುದುಗಲಿಲ್ಲ, ಕೆಳಗಿಳಿದ ತಿಳಿಗೆ ಹಾಕಿದರೂ ಹುದುಗಲಿಲ್ಲ. ಎರಡನ್ನೂ ಬೆರೆಸಿದಾಗ ಹುದುಗುವಿಕೆ ಮರಳಿತು. ಕುದಿಸಿದರೂ ತಿಳಿಯ ಗುಣ ಕೆಡಲಿಲ್ಲ. ಅದು ಕಿಣ್ವವಾಗಿದ್ದರೆ ಕೆಡಬೇಕಿತ್ತು. ಕಿಣ್ವಕ್ಕೆ ಜೊತೆಗಾರನೊಬ್ಬ ಬೇಕು ಎಂಬುದು ತಿಳಿದದ್ದು ಹೀಗೆ. ಆ ತಿಳಿಯಲ್ಲಿದ್ದ ಮುಖ್ಯ ವಸ್ತುವೇ ಎನ್ಎಡಿ. ಅದರ ರಚನೆಯ ಬೆನ್ನುಹತ್ತಿದ ಹಾನ್ಸ್ ಫಾನ್ ಆಯ್ಲರ್-ಕೆಲ್ಪಿನ್ ಜೊತೆ ಹಾರ್ಡನ್ 1929ರ ನೊಬೆಲ್ ಹಂಚಿಕೊಂಡರು.

1936ರಲ್ಲಿ ಓಟೊ ವಾರ್‌ಬುರ್ಗ್ ಈ ಅಣುವಿನ ನಿಕೋಟಿನಮೈಡ್ (ಬಿ3ರ ಒಂದು ರೂಪ) ತುಣುಕು ಹೈಡ್ರೋಜನ್ ಹೊರುತ್ತದೆ ಎಂದು ತೋರಿಸಿದರು. ಮರುವರ್ಷ ಕಾನ್ರಾಡ್ ಎಲ್ವೆಹೆಮ್ ನಾಯಿಗಳ ‘ಕಪ್ಪು ನಾಲಿಗೆ’ ರೋಗವನ್ನು ಬಿ3ರ ಇನ್ನೊಂದು ರೂಪವಾದ ನಿಕೋಟಿನಿಕ್ ಆಮ್ಲದಿಂದ ಗುಣಪಡಿಸಿದರು. ಮನುಷ್ಯರಲ್ಲಿ ಚರ್ಮ ಸುಲಿದು, ಭೇದಿಯಾಗಿ, ಬುದ್ಧಿ ಕೆಡಿಸುವ ಪೆಲ್ಲಾಗ್ರ ರೋಗದ ಮದ್ದೂ ಅದೇ ಆಯಿತು. ಕೊರತೆ ಇದ್ದವರಿಗೆ ಕೊಟ್ಟಾಗ ಫಲಿತಾಂಶ ಎಷ್ಟು ನಿಚ್ಚಳವಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಇಂದಿನ ಪ್ರಶ್ನೆ ಬೇರೆ: ಕೊರತೆಯೇ ಇಲ್ಲದವರಿಗೆ ಹೆಚ್ಚುವರಿ ಕೊಟ್ಟರೆ ಏನಾಗುತ್ತದೆ?

ಆ ಪ್ರಶ್ನೆಗೆ ಬಲ ಬಂದದ್ದು 2000ದಲ್ಲಿ. ಹೈಡ್ರೋಜನ್ ಹೊರುವ ಕೆಲಸದಲ್ಲಿ ಎನ್ಎಡಿ ಸವೆಯುವುದಿಲ್ಲ. ಆಹಾರದಿಂದ ಪಡೆದದ್ದನ್ನು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಕ್ಕೆ ಒಪ್ಪಿಸಿ ಮತ್ತೆ ಖಾಲಿಯಾಗಿ ಕೆಲಸಕ್ಕೆ ಸಿಗುತ್ತದೆ. ಆದರೆ ಯೀಸ್ಟಿನ ಆಯಸ್ಸಿಗೆ ನಂಟಿರುವ ಸರ್2 ಎಂಬ ಪ್ರೋಟೀನು ಎನ್ಎಡಿಯನ್ನು ಕತ್ತರಿಸಿ ಬಳಸುತ್ತದೆ ಎಂದು ಶಿನ್‌ಇಚಿರೊ ಇಮಾಯ್ ಮತ್ತು ಲೆನಾರ್ಡ್ ಗ್ವಾರೆಂಟಿ ಕಂಡುಕೊಂಡರು. ಡಿಎನ್ಎ ದುರಸ್ತಿಯಲ್ಲೂ ಎನ್ಎಡಿ ಖರ್ಚಾಗುತ್ತದೆ. ಇಲಿಗಳಲ್ಲಿ ವಯಸ್ಸಾದಂತೆ ಸಿಡಿ38 ಎಂಬ ಕಿಣ್ವ ಹೆಚ್ಚಿ ಎನ್ಎಡಿಯನ್ನು ಒಡೆದುಹಾಕುತ್ತದೆ ಎಂದು 2016ರಲ್ಲಿ ಗೊತ್ತಾಯಿತು. ಸೋರುವ ಕೊಡಕ್ಕೆ ನೀರು ಹೊಯ್ಯುತ್ತಲೇ ಇರಬೇಕೋ, ತೂತು ಮುಚ್ಚಬೇಕೋ ಎಂಬ ವಾದ ಅಲ್ಲಿಂದ ನಡೆದೇ ಇದೆ. ಮಾರಾಟಕ್ಕೆ ಸುಲಭವಾದದ್ದು ನೀರು ಹೊಯ್ಯುವುದು.

ಎನ್ಆರ್‌ನಿಂದ ಎನ್ಎಡಿ ತಯಾರಾಗುವ ದಾರಿಯನ್ನು ಚಾರ್ಲ್ಸ್ ಬ್ರೆನರ್ ತಂಡ 2004ರಲ್ಲಿ ಗುರುತಿಸಿತು. 2013ರಲ್ಲಿ ಡೇವಿಡ್ ಸಿಂಕ್ಲೇರ್ ತಂಡ 22 ತಿಂಗಳ ಮುದಿ ಇಲಿಗಳಿಗೆ ಒಂದು ವಾರ ಎನ್ಎಂಎನ್ ಕೊಟ್ಟಾಗ ಸ್ನಾಯುವಿನ ಕೆಲವು ಸೂಚಕಗಳು ಎಳೆಯ ಇಲಿಗಳಂತಾದವು. ಸುದ್ದಿಯಾದದ್ದು ಇದು. ಎನ್ಆರ್ ಇಲಿಗಳ ಆಯಸ್ಸನ್ನು ಹೆಚ್ಚಿಸಲಿಲ್ಲ ಎಂಬ 2021ರ ದೊಡ್ಡ ಪ್ರಯೋಗ ಅಷ್ಟು ಸುದ್ದಿಯಾಗಲಿಲ್ಲ.

ಮನುಷ್ಯರಲ್ಲಿ ಖಚಿತವಾದದ್ದು ಒಂದೇ: ರಕ್ತದಲ್ಲಿ ಎನ್ಎಡಿ ಏರುತ್ತದೆ. 2018ರ ಪ್ರಯೋಗದಲ್ಲಿ 55ರಿಂದ 79 ವಯಸ್ಸಿನವರಿಗೆ 500 ಮಿ.ಗ್ರಾಂ ಎನ್ಆರ್ ದಿನಕ್ಕೆರಡು ಬಾರಿ, ಆರು ವಾರ ಕೊಟ್ಟಾಗ ರಕ್ತಕಣಗಳಲ್ಲಿ ಅದು ಸುಮಾರು 60% ಏರಿತು. ಫಲದ ವಿಷಯಕ್ಕೆ ಬಂದರೆ ಚಿತ್ರ ಕಲಸಿಹೋಗುತ್ತದೆ. ಅದೇ ವರ್ಷ 40 ಸ್ಥೂಲಕಾಯದ ಪುರುಷರಿಗೆ ದಿನಕ್ಕೆ 2,000 ಮಿ.ಗ್ರಾಂ ಎನ್ಆರ್ ಅಥವಾ (ಹೋಲಿಕೆಗಾಗಿ) ಮದ್ದಿಲ್ಲದ ಹುಸಿಗುಳಿಗೆ 12 ವಾರ ಕೊಟ್ಟು ನೋಡಿದರೆ ಇನ್ಸುಲಿನ್ ಸ್ಪಂದನೆ ಸುಧಾರಿಸಲಿಲ್ಲ. 2021ರಲ್ಲಿ ಮುಟ್ಟು ನಿಂತ, ಮಧುಮೇಹದ ಅಂಚಿನಲ್ಲಿದ್ದ 25 ಮಹಿಳೆಯರ ಪ್ರಯೋಗದಲ್ಲಿ ದಿನಕ್ಕೆ 250 ಮಿ.ಗ್ರಾಂ ಎನ್ಎಂಎನ್ ಪಡೆದವರ ಸ್ನಾಯುವಿನ ಇನ್ಸುಲಿನ್ ಸ್ಪಂದನೆ ಹತ್ತು ವಾರದಲ್ಲಿ ಸುಮಾರು 25% ಸುಧಾರಿಸಿತು. ತೂಕ, ರಕ್ತದೊತ್ತಡ ಇದ್ದಲ್ಲೇ ಇದ್ದವು. ಇಷ್ಟು ಚಿಕ್ಕ ಗುಂಪುಗಳಿಂದ ಮುಪ್ಪಿನ ಬಗ್ಗೆ ತೀರ್ಪು ಕೊಡಲಾಗದು.

ನುಂಗಿದ್ದು ಹಾಗೆಯೇ ಜೀವಕೋಶ ತಲುಪುವುದಿಲ್ಲ ಎಂಬುದೂ ಒಂದು ತೊಡಕು. ಕರುಳಿನ ಬ್ಯಾಕ್ಟೀರಿಯ ಮತ್ತು ಯಕೃತ್ತನ್ನು ದಾಟುವಷ್ಟರಲ್ಲಿ ಹೆಚ್ಚಿನ ಪಾಲು ನಿಕೋಟಿನಮೈಡ್ ಅಥವಾ ನಿಕೋಟಿನಿಕ್ ಆಮ್ಲವಾಗಿರುತ್ತದೆ. ಅಣುತೂಕದ ಲೆಕ್ಕದಲ್ಲಿ 250 ಮಿ.ಗ್ರಾಂ ಎನ್ಎಂಎನ್‌ನಲ್ಲಿರುವ ನಿಕೋಟಿನಮೈಡ್ ಭಾಗ ಸುಮಾರು 91 ಮಿ.ಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದ ಬಿ3 14ರಿಂದ 16 ಮಿ.ಗ್ರಾಂ ಮಾತ್ರ. ಹೆಚ್ಚಾದದ್ದಕ್ಕೆ ಮೀಥೈಲ್ ಗುಂಪು ಅಂಟಿಸಿ ದೇಹ ಮೂತ್ರದಲ್ಲಿ ಹೊರಹಾಕುತ್ತದೆ. ಹೀಗೆ ಉಂಟಾಗುವ 4ಪಿವೈ ಎಂಬ ವಸ್ತು ರಕ್ತದಲ್ಲಿ ಹೆಚ್ಚಿದ್ದವರಲ್ಲಿ ಹೃದ್ರೋಗದ ಅಪಾಯವೂ ಹೆಚ್ಚಿತ್ತು ಎಂದು 2024ರ ಅಧ್ಯಯನ ಹೇಳಿತು. ಅದು ನಂಟು ಮಾತ್ರ, ಕಾರಣವೆಂದು ಸಾಬೀತಾಗಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಕ ಎಫ್‌ಡಿಎ 2022ರ ನವೆಂಬರಿನಲ್ಲಿ, ಎನ್ಎಂಎನ್ ಮೊದಲೇ ಔಷಧವಾಗಿ ಪರೀಕ್ಷೆಗೆ ಒಳಗಾಗಿದೆ, ಆದ್ದರಿಂದ ಆಹಾರ ಪೂರಕವಾಗಿ ಮಾರುವಂತಿಲ್ಲ ಎಂದಿತು. 2025ರ ಸೆಪ್ಟೆಂಬರಿನಲ್ಲಿ ನಿಲುವು ಬದಲಿಸಿ, ಮಾರಬಹುದು ಎಂದಿತು. ಎರಡೂ ಸಲ ಚರ್ಚೆಯಾದದ್ದು ಕಾನೂನಿನ ವ್ಯಾಖ್ಯೆ. ಕ್ಯಾಪ್ಸೂಲ್ ಕೆಲಸ ಮಾಡುತ್ತದೆಯೇ ಎಂಬುದಲ್ಲ.

ಬಳಸುವವರಿಗೆ ಎರಡು ಮಾತು. ತೇವ ತಾಗಿದರೆ ಎನ್ಎಂಎನ್ ಮತ್ತು ಎನ್ಆರ್ ಒಡೆದು ನಿಕೋಟಿನಮೈಡ್ ಆಗುತ್ತವೆ. ಮುಚ್ಚಳ ಬಿಗಿಯಾಗಿರಲಿ, ಡಬ್ಬಿ ಒಣಗಿದ ತಂಪು ಜಾಗದಲ್ಲಿರಲಿ. ನುಂಗಿದ ಅರ್ಧ ಗಂಟೆಯೊಳಗೆ ಮುಖ, ಕತ್ತು ಕೆಂಪಾಗಿ ಉರಿದರೆ ಅದು ನಿಕೋಟಿನಿಕ್ ಆಮ್ಲದ ಲಕ್ಷಣ. ಎನ್ಎಂಎನ್, ಎನ್ಆರ್ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಲೇಬಲ್ಲನ್ನು ಇನ್ನೊಮ್ಮೆ ಓದಿ.