ಹಚ್ಚೆ ಇದೆಯಾ ಅಂತಲ್ಲ, ಯಾವಾಗ ಹಾಕಿಸಿದ್ದು ಅಂತ ಕೇಳ್ತೀವಿ

ಕಾಲೇಜುಗಳಲ್ಲಿ ರಕ್ತದಾನ ಶಿಬಿರ ನಡೆಸುವ ನಮ್ಮಂಥವರಿಗೆ ಫುಟ್‌ಬಾಲ್ ಅಭಿಮಾನಿಗಳ ಜಗಳದಿಂದ ಬಿಡುಗಡೆಯಿಲ್ಲ. ರೊನಾಲ್ಡೊ ಕಡೆಯ ಹುಡುಗರು ಸಾಲಿನಲ್ಲಿ ನಿಂತು ಹೇಳುವುದು ಒಂದೇ ಮಾತು. "ನಮ್ಮವನ ಮೈಮೇಲೆ ಒಂದು ಚುಕ್ಕೆ ಟ್ಯಾಟೂ ಇಲ್ಲ. ಯಾಕೆ ಗೊತ್ತಾ? ಬ್ಲಡ್ ಕೊಡ್ತಾನೆ ಕಣೋ. ಟ್ಯಾಟೂ ಇದ್ರೆ ಬ್ಲಡ್ ಕೊಡೋಕಾಗಲ್ಲ." ಮೆಸ್ಸಿ ಕಡೆಯವರಿಗೆ ತಕ್ಷಣ ಉತ್ತರ ಹೊಳೆಯುವುದಿಲ್ಲ. ಅವರಲ್ಲೊಬ್ಬ ಮೆಲ್ಲಗೆ ಸಾಲು ಬಿಟ್ಟು ಹೊರಗೆ ಜಾರುತ್ತಾನೆ. ಅವನ ಮೀನಖಂಡದ ಮೇಲೆ 10 ಅಂತ, ಮೆಸ್ಸಿಯ ಜೆರ್ಸಿ ನಂಬರಿನ ಹಚ್ಚೆ ಇರುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲೇ. ಹಾಗೆ ಜಾರಿಕೊಂಡವರನ್ನು ಕರೆದು ಕೇಳಿದರೆ ಬಹಳ ಜನ ಆರಾಮವಾಗಿ ರಕ್ತ ಕೊಡಬಹುದಾದವರೇ. 2022ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾ ವಿಶ್ವಕಪ್ ಗೆದ್ದ ಖುಷಿಗೆ ಹಚ್ಚೆ ಹಾಕಿಸಿಕೊಂಡವರು 2024ರ ಜನವರಿಗೇ ನಮ್ಮ ಲೆಕ್ಕದಲ್ಲಿ ಸರಿಹೋಗಿದ್ದಾರೆ. ಅವರಿಗೆ ಇದನ್ನು ಯಾರೂ ಹೇಳಿಲ್ಲ. ಸ್ನೇಹಿತ ಹೇಳಿದ ರೊನಾಲ್ಡೊ ಕಥೆಯಷ್ಟೇ ಗೊತ್ತು.

ನಿಯಮ ಇಷ್ಟೇ. ಹಚ್ಚೆ ಹಾಕಿಸಿಕೊಂಡ ಮೇಲೆ ನಮ್ಮ ದೇಶದಲ್ಲಿ 12 ತಿಂಗಳು ಕಾಯಬೇಕು. ಅದು ಮುಗಿದ ಮೇಲೆ, ಬೇರೆಲ್ಲ ಸರಿಯಿದ್ದರೆ, ಕೊಡಬಹುದು. ಕುತ್ತಿಗೆಯಿಂದ ಪಾದದವರೆಗೆ ಹಚ್ಚೆಯಿದ್ದರೂ ಅಷ್ಟೇ, ಬೆರಳಿನ ಮೇಲೆ ಒಂದು ಚುಕ್ಕೆಯಿದ್ದರೂ ಅಷ್ಟೇ. ಕೆಲವರು ಆರು ತಿಂಗಳು ಅಂತ ಕೇಳಿರುತ್ತಾರೆ. ಈಗಿನ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇರುವುದು 12. ಅಮೆರಿಕದಲ್ಲಿ ಈಗ ಮೂರು ತಿಂಗಳು, ಬ್ರಿಟನ್ನಿನಲ್ಲಿ ನಾಲ್ಕು. ಈ ಯಾವ ದೇಶದಲ್ಲೂ ಜೀವನಪೂರ್ತಿ ನಿಷೇಧ ಇಲ್ಲ.

ರೊನಾಲ್ಡೊ ವಿಷಯ ಸುಳ್ಳಾ ಹಾಗಾದರೆ? ಸುಳ್ಳಲ್ಲ. ಅವರು ರಕ್ತ ಕೊಡುತ್ತಾರೆ. ಹಚ್ಚೆ ಯಾಕಿಲ್ಲ ಅಂದಾಗ ಕೊಟ್ಟ ಕಾರಣವೂ ಅದೇ ಅಂತ ಪತ್ರಿಕೆಗಳಲ್ಲಿ ಬಂದಿದೆ. 2015ರಲ್ಲಿ ಜಗತ್ತಿನಾದ್ಯಂತ ನಡೆದ ಒಂದು ರಕ್ತದಾನ ಪ್ರಚಾರಕ್ಕೆ ರಾಯಭಾರಿಯೂ ಆಗಿದ್ದರು. ನನ್ನ ಕೆಲಸಕ್ಕೆ ಅಂಥವರು ದೇವರಿದ್ದ ಹಾಗೆ. ಅವರ ಮೇಲೆ ನನ್ನದೇನೂ ದೂರಿಲ್ಲ. ಆದರೆ ಅವರು ಸ್ಪೇನಿನಲ್ಲಿ ಆಡುತ್ತಿದ್ದಾಗ ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಹಚ್ಚೆಗೆ ಕಾಯಬೇಕಿದ್ದದ್ದು ಆರು ತಿಂಗಳು. ಹೆಪಟೈಟಿಸ್ ಸಿ ವೈರಸ್ಸನ್ನೇ ನೇರವಾಗಿ ಹುಡುಕುವ ಪರೀಕ್ಷೆ ಮಾಡಿದರೆ ನಾಲ್ಕೇ ತಿಂಗಳು. ಹಚ್ಚೆ ಹಾಕಿಸಿಕೊಂಡಿದ್ದರೆ ಒಂದೆರಡು ಸಲ ಕೊಡುವುದು ತಪ್ಪುತ್ತಿತ್ತು, ಅಷ್ಟೇ. ಒಂದು ಸಲವೂ ತಪ್ಪಬಾರದು ಅನ್ನುವವರಿಗೆ ಅದು ಒಳ್ಳೆಯ ಕಾರಣವೇ. ಅದನ್ನೇ ಹಿಡಿದುಕೊಂಡು "ಟ್ಯಾಟೂ ಇದ್ದವನ ರಕ್ತ ಕೆಟ್ಟಿದೆ" ಅಂತ ಸಾಲಿನಲ್ಲಿ ನಿಂತು ಭಾಷಣ ಮಾಡಿದರೆ ಮಾತ್ರ ನನಗೆ ತಡೆಯುವುದಿಲ್ಲ.

ರಕ್ತ ಕೆಟ್ಟಿರುವುದಿಲ್ಲ ರೀ. ಶಾಯಿ ರಕ್ತದಲ್ಲಿ ಸುತ್ತುತ್ತಾ ಕೂರುವುದಿಲ್ಲ. ಚಿತ್ರವಾಗಿ ಕಾಣುವ ಶಾಯಿ ಚರ್ಮದ ಒಳಪದರದಲ್ಲೇ ಉಳಿದುಬಿಡುತ್ತದೆ. ಅದಕ್ಕೇ ತಾನೇ ಹಚ್ಚೆ ಅಳಿಸಿಹೋಗದೆ ಇರುವುದು? ಶಾಯಿಯಲ್ಲಿ ಏನೇನು ಬೆರೆತಿರುತ್ತದೆ, ಚರ್ಮಕ್ಕೆ ಒಳ್ಳೆಯದಾ ಅನ್ನುವುದು ಬೇರೆ ಪ್ರಶ್ನೆ. ದೊಡ್ಡ ಪ್ರಶ್ನೆಯೇ. ಅದನ್ನು ಚರ್ಮದ ಡಾಕ್ಟರಿಗೆ ಬಿಡುತ್ತೇನೆ. ನಮಗೆ ಚಿಂತೆ ಶಾಯಿಯದ್ದಲ್ಲ, ಸೂಜಿಯದ್ದು. ಶುದ್ಧವಿಲ್ಲದ ಸೂಜಿಯಿಂದ ಒಬ್ಬರ ರಕ್ತದಲ್ಲಿರುವ ವೈರಸ್ ಇನ್ನೊಬ್ಬರಿಗೆ ದಾಟಬಹುದು.

ಇದನ್ನು ಎಷ್ಟು ಸಲ ಹೇಳಿದರೂ ಎಂಜಿನಿಯರಿಂಗ್ ಹುಡುಗರದ್ದು ಒಂದು ಮರುಪ್ರಶ್ನೆ ಇದ್ದೇ ಇರುತ್ತದೆ. "ಹೇಗೂ ಟೆಸ್ಟ್ ಮಾಡ್ತೀರಲ್ಲ ಮೇಡಂ. ಟೆಸ್ಟ್ ಮಾಡಿ ತಗೊಳ್ಳಿ. ಒಂದು ವರ್ಷ ಯಾಕೆ?" ಒಳ್ಳೆಯ ಪ್ರಶ್ನೆ. ನಾವು ತೆಗೆದ ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಆದರೆ ವೈರಸ್ ಮೈಯೊಳಗೆ ಹೋದ ದಿನವೇ ಪರೀಕ್ಷೆಗೆ ಸಿಗುವುದಿಲ್ಲ. ಹಾಲಿಗೆ ಹೆಪ್ಪು ಹಾಕಿ ಹತ್ತು ನಿಮಿಷಕ್ಕೆ ಪಾತ್ರೆ ತೆಗೆದು ನೋಡಿ. ಕಣ್ಣಿಗೂ ಹಾಲೇ, ಬಾಯಿಗೂ ಹಾಲೇ. ಹೆಪ್ಪು ಬಿದ್ದಿಲ್ಲ ಅಂತ ನೀವು ಆಣೆ ಮಾಡಬಹುದು. ಬೆಳಿಗ್ಗೆ ಎದ್ದರೆ ಮೊಸರು. ನಮ್ಮ ಪರೀಕ್ಷೆಗೂ ಹಾಗೊಂದು ಕುರುಡು ಅವಧಿ ಇದೆ. ವಿಂಡೋ ಪೀರಿಯಡ್ ಅಂತೀವಿ. ಯಾವ ವೈರಸ್, ಯಾವ ಪರೀಕ್ಷೆ ಅನ್ನುವುದರ ಮೇಲೆ ಅದು ಕೆಲವು ದಿನ ಇರಬಹುದು, ಕೆಲವು ವಾರವೂ ಇರಬಹುದು. ಹೆಪಟೈಟಿಸ್ ಸಿಗೆ ಪ್ರತಿಕಾಯ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸುವ ವಸ್ತು, ಹುಡುಕುವ ಪರೀಕ್ಷೆಯಲ್ಲಿ ಎರಡು ತಿಂಗಳು ದಾಟುವುದೂ ಉಂಟು. ಆ ಅವಧಿಯಲ್ಲಿ ವರದಿ ನೆಗೆಟಿವ್ ಬರುತ್ತದೆ, ರಕ್ತದಲ್ಲಿ ವೈರಸ್ ಇರುತ್ತದೆ. ಕೊಟ್ಟವನಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಚೀಲ ರಕ್ತವನ್ನು ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬೇರೆ ಮಾಡಿದರೆ ಮೂವರಿಗೆ ಹೋಗುತ್ತದೆ. ಅವರಲ್ಲಿ ಒಂದು ಹಸುಗೂಸೂ ಇರಬಹುದು.

ವೈರಸ್ಸನ್ನೇ ನೇರ ಹಿಡಿಯುವ ನ್ಯಾಟ್ ಪರೀಕ್ಷೆಯಲ್ಲಿ ಈ ಕುರುಡು ಅವಧಿ ಬಹಳ ಕಡಿಮೆಯಾಗುತ್ತದೆ. ನಮ್ಮಲ್ಲಿ ಎಲ್ಲ ರಕ್ತನಿಧಿಗಳಲ್ಲೂ ಅದಿಲ್ಲ. ನಮ್ಮ 12 ತಿಂಗಳು ಬೇರೆಯವರಿಗಿಂತ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಅನಿಸಿಕೆ. ಜೊತೆಗೆ ನಮ್ಮ ಹಚ್ಚೆ ಅಂಗಡಿಗಳಲ್ಲಿ ಯಾರು ಹೇಗೆ ಕೆಲಸ ಮಾಡುತ್ತಾರೆ ಅಂತ ಹೇಳುವುದು ಕಷ್ಟ.

ಒಬ್ಬ ಹುಡುಗ ಅರ್ಜೆಂಟೀನಾ ಜೆರ್ಸಿಯ ಮೇಲೆ ತುಂಬು ತೋಳಿನ ಶರ್ಟ್ ಹಾಕಿಕೊಂಡು ಬಂದಿದ್ದ. ಫಾರಂನಲ್ಲಿ ಹಚ್ಚೆಯ ಪ್ರಶ್ನೆಗೆ "ಇಲ್ಲ" ಅಂತ ಗುರುತು ಹಾಕಿದ್ದ. ಬಿ.ಪಿ. ನೋಡೋಕೆ ಸಿಸ್ಟರ್ ಪಟ್ಟಿ ಸುತ್ತಿದರೆ ತೋಳಿನೊಳಗೆ ಪರಪರ ಸದ್ದು. ಮಡಚಿ ನೋಡಿದರೆ ಅಡುಗೆಮನೆಯಲ್ಲಿ ತಟ್ಟೆಗೆ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ. ಅದರಡಿಯಲ್ಲಿ ಇನ್ನೂ ಕೆಂಪಗೆ ಊದಿಕೊಂಡಿದ್ದ ಚರ್ಮ, ಹಾಳೆಗೆ ಅಂಟಿದ ಶಾಯಿ ಬೆರೆತ ನೀರು. ಹಿಂದಿನ ಸಂಜೆ ಹಾಕಿಸಿದ್ದು.

"ಏನಪ್ಪಾ ಇದು?"

"ಹೊಸ ಸೂಜಿ ಮೇಡಂ. ನನ್ನ ಮುಂದೇನೇ ಪ್ಯಾಕೆಟ್ ಒಡೆದ್ರು."

"ಸೂಜಿ ಹೊಸದು, ಸರಿ. ಶಾಯಿ ಎಲ್ಲಿಂದ ಅದ್ದಿದ್ರು? ಪುಟ್ಟ ಬಟ್ಟಲಿಗೆ ಹೊಸದಾಗಿ ಹಾಕ್ಕೊಂಡ್ರಾ, ಮೊದಲೇ ತುಂಬಿಟ್ಟಿದ್ರಾ? ಉಳಿದ ಶಾಯಿ ಮತ್ತೆ ಬಾಟಲಿಗೆ ಹೋಯ್ತಾ? ರಕ್ತ ಒರೆಸಿದ ಕೈಗವಸಲ್ಲೇ ಸ್ಪ್ರೇ ಬಾಟಲಿ ಮುಟ್ಟಿದ್ರಾ?"

ಅವನಿಗೆ ಗೊತ್ತಿರಲಿಲ್ಲ. ನೋವಿಗೆ ಕಣ್ಣು ಮುಚ್ಚಿಕೊಂಡಿದ್ದನಂತೆ, ಪಾಪ. ಆ ಅಂಗಡಿಯವರು ಬಹಳ ಶುದ್ಧವಾಗಿಯೇ ಕೆಲಸ ಮಾಡಿರಬಹುದು. ನಾನು ಅಲ್ಲಿ ಕೂತು ನೋಡಿಲ್ಲ, ಅವನೂ ನೋಡಿಲ್ಲ. ಅದಕ್ಕೇ ಕ್ಯಾಲೆಂಡರ್ ನೋಡುವುದು. ಸುಳ್ಳು ಯಾಕೆ ಬರೆದೆ ಅಂದರೆ, ಸ್ನೇಹಿತರೆಲ್ಲ ಕೊಡುತ್ತಿದ್ದರು, ತಾನೊಬ್ಬ ವಾಪಸ್ ಹೋದರೆ ರೊನಾಲ್ಡೊ ಕಡೆಯವರು ಆಡಿಕೊಳ್ಳುತ್ತಾರೆ ಅಂದ. ಜಗಳ ಎಲ್ಲಿಗೆ ಬಂತು ನೋಡಿ. ಹಳೆಯ ಹಚ್ಚೆಯವನು ನಾಚಿಕೊಂಡು ಹೊರಗೆ ಹೋಗುತ್ತಾನೆ, ಹೊಸ ಹಚ್ಚೆಯವನು ನಾಚಿಕೊಂಡು ಒಳಗೆ ಬರುತ್ತಾನೆ. ನನಗೆ ಇದು ಪೂರ್ತಿ ತಿರುಗುಮುರುಗಾಗಬೇಕು.

ಅದೇ ದಿನ ಪೋರ್ಚುಗಲ್ ಜೆರ್ಸಿಯವನೊಬ್ಬ ಎದೆಯುಬ್ಬಿಸಿ ಬಂದ. ಮೈಮೇಲೆ ಒಂದೂ ಹಚ್ಚೆ ಇಲ್ಲ. ಕಿವಿಯಲ್ಲಿ ಹೊಚ್ಚಹೊಸ ಕಡಕು ಮಿಂಚುತ್ತಿತ್ತು. ಹೋದ ತಿಂಗಳು ಚುಚ್ಚಿಸಿದ್ದು, ರೊನಾಲ್ಡೊ ಹಾಕಿಕೊಳ್ಳುವಂಥದ್ದೇ ಬೇಕು ಅಂತ. ಅವನನ್ನೂ ವಾಪಸ್ ಕಳಿಸಿದೆ. ಕಿವಿ, ಮೂಗು, ಹುಬ್ಬು ಎಲ್ಲಿ ಚುಚ್ಚಿಸಿದರೂ ಹಚ್ಚೆಯ ನಿಯಮವೇ. ಅವನ ಮುಖ ನೋಡಬೇಕಿತ್ತು. "ರೊನಾಲ್ಡೊ ಕೊಡ್ತಾನಲ್ಲ ಮೇಡಂ?" ಕೊಡ್ತಾರಪ್ಪಾ. ಅವರು ಚುಚ್ಚಿಸಿಕೊಂಡು ವರ್ಷಗಳಾಗಿವೆ. ನಿನ್ನದಕ್ಕೆ ತಿಂಗಳಾಗಿದೆ.

ಹಚ್ಚೆಯ ಬಗ್ಗೆ ಅಭಿಮಾನಿಗಳ ಅಭಿಪ್ರಾಯ ಕೇಳುತ್ತಾ ಹೋದರೆ ಅದೊಂದು ದೊಡ್ಡ ಸಂತೆ. ನಾನೂ ಫುಟ್‌ಬಾಲ್ ನೋಡುವವಳೇ, ಹಾಗಾಗಿ ನನಗೂ ಒಂದಿಷ್ಟು ಅಭಿಪ್ರಾಯಗಳಿವೆ. ನಮ್ಮ ಹಲಸೂರಿನ ಗೌತಮಪುರದಂಥ ಕಡೆ ಪೆಲೆಯನ್ನು ಆರಾಧಿಸುತ್ತಾ ಬೆಳೆದ ಹಿರಿಯರಿಗೆ ಈಗಿನ ಆಟಗಾರರ ತೋಳು ಕಂಡರೆ ಮೈಪರಚಿಕೊಳ್ಳುವಂತಾಗುತ್ತದೆ. ಆಟದ ಕಡೆ ಗಮನ ಇಲ್ಲ, ಶೋಕಿ ಜಾಸ್ತಿ ಅಂತಾರೆ. ಹಾಗಂದವರಿಗೆ ಮರಡೋನಾ ನೆನಪು ಮಾಡಿ. ಬಲತೋಳಿನಲ್ಲಿ ಚೆ ಗೆವಾರ, ಎಡಗಾಲಲ್ಲಿ ಫಿಡೆಲ್ ಕ್ಯಾಸ್ಟ್ರೊ. ತಕ್ಷಣ "ಅವರ ವಿಷಯ ಬೇರೆ" ಅಂತಾರೆ. ತನಗೆ ಇಷ್ಟದ ಆಟಗಾರನ ಹಚ್ಚೆಯಲ್ಲಿ ಯಾರಿಗೂ ದೋಷ ಕಾಣುವುದಿಲ್ಲ.

ಚೀನಾದಲ್ಲಿ ಇದು ಸರ್ಕಾರದವರೆಗೂ ಹೋಯಿತು. 2021ರ ಕೊನೆಯಲ್ಲಿ ಅಲ್ಲಿನ ಕ್ರೀಡಾ ಆಡಳಿತ ರಾಷ್ಟ್ರೀಯ ತಂಡದ ಆಟಗಾರರು ಹೊಸ ಹಚ್ಚೆ ಹಾಕಿಸಬಾರದು, ಇದ್ದವರು ತೆಗೆಸಿದರೆ ಒಳ್ಳೆಯದು, ಕಿರಿಯರ ತಂಡಗಳಿಗೆ ಹಚ್ಚೆಯವರನ್ನು ಆರಿಸಲೇಬಾರದು ಅಂತ ಆದೇಶ ಹೊರಡಿಸಿತು. ಸಮಾಜಕ್ಕೆ ಒಳ್ಳೆಯ ಮಾದರಿಯಾಗಲಿ ಅಂತ. ನನಗೆ ಅದು ಅತಿಯಾಯಿತು ಅನಿಸಿತ್ತು.

ಇಂಗ್ಲೆಂಡಿನ ರಹೀಮ್ ಸ್ಟರ್ಲಿಂಗ್ ವಿಷಯ ಮಾತ್ರ ನನ್ನನ್ನು ಬಹಳ ಕಾಡಿದೆ. 2018ರ ವಿಶ್ವಕಪ್‌ಗೆ ಸ್ವಲ್ಪ ಮುಂಚೆ ಅವರ ಬಲಗಾಲಿನಲ್ಲಿ ಬಂದೂಕಿನ ಹಚ್ಚೆ ಕಾಣಿಸಿತು. ಪತ್ರಿಕೆಗಳು ಮುಗಿಬಿದ್ದವು. ಬಂದೂಕಿನ ವಿರುದ್ಧ ಹೋರಾಡುವವರೂ ತಂಡದಿಂದ ಕೈಬಿಡಿ ಅಂದರು. ಆಮೇಲೆ ಸ್ಟರ್ಲಿಂಗ್ ಹೇಳಿದ್ದು: ತನಗೆ ಎರಡು ವರ್ಷವಾಗಿದ್ದಾಗ ತಂದೆಯನ್ನು ಗುಂಡಿಟ್ಟು ಕೊಂದರು, ಜೀವನದಲ್ಲಿ ಬಂದೂಕು ಮುಟ್ಟುವುದಿಲ್ಲ ಅಂತ ಶಪಥ ಮಾಡಿದ್ದೆ, ನಾನು ಶೂಟ್ ಮಾಡುವುದು ಬಲಗಾಲಿನಿಂದ. ಇದನ್ನು ಕೇಳಿದ ಮೇಲೂ ಎರಡು ಪಂಗಡ ಹಾಗೆಯೇ ಉಳಿದವು. ಒಬ್ಬರಿಗೆ ಅದು ಮಗ ತಂದೆಗೆ ಇಟ್ಟುಕೊಂಡ ನೆನಪು. ಇನ್ನೊಬ್ಬರಿಗೆ, ಕಾರಣ ಏನೇ ಇರಲಿ, ಮಕ್ಕಳು ನೋಡುವ ಕಾಲಿನ ಮೇಲೆ ಬಂದೂಕು. ನಾನು ಮೊದಲನೆಯ ಕಡೆ. ಆದರೆ ಎರಡನೆಯವರನ್ನು ಮೂರ್ಖರು ಅನ್ನಲಾರೆ.

ಸ್ವೀಡನ್ನಿನ ಆಟಗಾರ ಇಬ್ರಾಹಿಮೊವಿಚ್ ಅಂತೂ ನಮ್ಮ ಕೌನ್ಸೆಲರ್‌ಗಳಿಗೆ ಪಾಠ ಹೇಳುವಾಗ ಉಪಯೋಗಕ್ಕೆ ಬರುತ್ತಾರೆ. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಪಿಎಸ್‌ಜಿ ಕ್ಲಬ್ ಪರವಾಗಿ ಕಾನ್ ತಂಡದ ಮೇಲೆ ಗೋಲು ಹೊಡೆದು ಅಂಗಿ ಕಿತ್ತೆಸೆದರು. ಮೈತುಂಬ 50 ಜನರ ಹೆಸರು. ಹಸಿದಿರುವವರ ಹೆಸರುಗಳು. ವಿಶ್ವ ಆಹಾರ ಕಾರ್ಯಕ್ರಮದ ಪರವಾಗಿ ಮಾಡಿದ್ದು. ಅಂಗಿ ಬಿಚ್ಚಿದ್ದಕ್ಕೆ ಹಳದಿ ಕಾರ್ಡೂ ಸಿಕ್ಕಿತು. ಆ 50 ಹೆಸರು ತೊಳೆದರೆ ಹೋಗುವಂಥವು. ಸೂಜಿ ಇಲ್ಲದ್ದಕ್ಕೆ ಕಾಯುವ ಮಾತೇ ಇಲ್ಲ. ಅವುಗಳ ಮಟ್ಟಿಗೆ ಅವತ್ತು ಸಂಜೆಯೇ ನಮ್ಮ ಮಂಚದ ಮೇಲೆ ಮಲಗಬಹುದಿತ್ತು. ಮದುವೆಯ ಮೆಹೆಂದಿ ಹಾಕಿಕೊಂಡು ಬಂದ ಹುಡುಗಿಯರನ್ನೂ "ನೀವು ಕೊಡಂಗಿಲ್ಲ" ಅಂತ ಬಾಗಿಲಲ್ಲೇ ತಡೆಯುವ ಸ್ವಯಂಸೇವಕರಿದ್ದಾರೆ. ದಯವಿಟ್ಟು ತಡೆಯಬೇಡಿ.

ಹಳ್ಳಿ ಕಡೆ ಶಿಬಿರ ಮಾಡಿದಾಗ ಇದೇ ಮಾತು ಬೇರೆ ಬಾಯಿಂದ ಬರುತ್ತದೆ. ಮುಂಗೈಯಲ್ಲಿ ಹಸಿರು ಹಚ್ಚೆಯಿರುವ ಹೆಂಗಸರು ದೂರದಲ್ಲೇ ನಿಂತಿರುತ್ತಾರೆ. "ನಂದು ಹಚ್ಚೆ ಕೈ ಕಣವ್ವಾ, ನಂದು ತಗೋಳಲ್ಲ ಅಂದ್ರು." ಯಾರಂದ್ರು? ಮಗ. ಅವನಿಗೆ ಯಾರಂದ್ರು? ಮೊಬೈಲಿನಲ್ಲಿ ರೊನಾಲ್ಡೊ ವಿಡಿಯೊ ಬಂದಿತ್ತು. ಚಿಕ್ಕ ಹುಡುಗಿಯಾಗಿದ್ದಾಗ ಹಾಕಿಸಿದ ಹಚ್ಚೆ ಅದು! ನಾವು ಅವರ ವಯಸ್ಸು, ತೂಕ, ಹಿಮೋಗ್ಲೋಬಿನ್ ನೋಡುತ್ತೇವೆ. ಹಿಮೋಗ್ಲೋಬಿನ್ 12.5 ಇಲ್ಲದೆ ಎಷ್ಟೋ ಜನರನ್ನು ವಾಪಸ್ ಕಳಿಸುವುದು ನಿಜ. ಹಚ್ಚೆಗಾಗಿ ಮಾತ್ರ ಅಲ್ಲ. ಅದೇ ಹೆಂಗಸರು ಹೋದ ವಾರ ಜಾತ್ರೆಯಲ್ಲಿ ಒಂದೇ ಮೆಷಿನ್ನಿನಲ್ಲಿ ಸಾಲಾಗಿ ಹೆಸರು ಬರೆಸಿಕೊಂಡಿದ್ದರೆ ಆಗ ನಾನು ಕೈಮುಗಿದು ಬೇಡ ಅನ್ನುತ್ತೇನೆ.

ಇನ್ನೊಂದು ವಿಷಯ ಜನರ ತಲೆಗೆ ಹೋಗುವುದಿಲ್ಲ. ಪ್ರತಿ ಹೊಸ ಹಚ್ಚೆಗೂ 12 ತಿಂಗಳು ಮೊದಲಿನಿಂದ ಶುರು. ಹಳೆಯದಕ್ಕೆ ಇನ್ನಷ್ಟು ಬಣ್ಣ ತುಂಬಿಸಿದರೂ, ಮೇಲೆ ಬೇರೆ ಚಿತ್ರ ಹಾಕಿ ಮುಚ್ಚಿಸಿದರೂ ಅಷ್ಟೇ. ಮೆಸ್ಸಿ ಎಡಗಾಲಿನ ಹಳೆಯ ಚಿತ್ರಗಳನ್ನು ಕಪ್ಪು ಶಾಯಿಯಲ್ಲಿ ಮುಚ್ಚಿಸಿದ್ದು ನಿಮಗೆ ನೆನಪಿರಬಹುದು. ಮಗನ ಕೈಗಳನ್ನೂ 10 ಅನ್ನೂ ಉಳಿಸಿಕೊಂಡು ಉಳಿದದ್ದಕ್ಕೆ ಕಪ್ಪು. ಅಭಿಮಾನಿಗಳಿಗೆ ಅದು ಕಾಲುಚೀಲದ ಥರ ಕಾಣುತ್ತದೆ ಅಂತ ಬೇಜಾರು. ನನಗೆ ಅದು ಇನ್ನೊಂದು ಸಲ ಸೂಜಿ.

ಹಾಗಾಗಿ ನೀವು ಹಚ್ಚೆ ಹಾಕಿಸುವವರೇ ಆದರೆ, ಅಂಗಡಿಯ ಬಿಲ್ ಇಟ್ಟುಕೊಳ್ಳಿ, ಇಲ್ಲವೇ ಅವತ್ತು ತೆಗೆದ ಫೋಟೊ. ತಾರೀಖು ಗೊತ್ತಿದ್ದರೆ ನಮ್ಮ ಮಾತು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ರಕ್ತ ಕೊಡಬಹುದು. ಅಂದರೆ ಹಚ್ಚೆಯ ವರ್ಷದಲ್ಲಿ ಮೂರ್ನಾಲ್ಕು ಸಲ ತಪ್ಪುತ್ತದೆ. ಕೊನೆಗೆ ತೆಗೆದುಕೊಳ್ಳುವುದೋ ಬಿಡುವುದೋ ಅನ್ನುವುದು ಅಲ್ಲಿರುವ ವೈದ್ಯರ ತೀರ್ಮಾನ. ಇದನ್ನು ಓದಿಕೊಂಡು ಹೋಗಿ ಅವರ ಜೊತೆ ವಾದ ಮಾಡಬೇಡಿ. ಹಚ್ಚೆಗೆ ದಿನ ಗೊತ್ತು ಮಾಡಿದ್ದರೆ ಅದಕ್ಕೆ ಒಂದೆರಡು ವಾರ ಮುಂಚೆ ಬಂದು ರಕ್ತ ಕೊಟ್ಟು ಹೋಗಿ. ಬೆಳಿಗ್ಗೆ ತಿಂಡಿ ತಿಂದು ಬನ್ನಿ. ಮೆಸ್ಸಿ ಕಡೆಯವರಾದರೂ ಸರಿ.