ನಾಲ್ಕು ಸೈಕಲ್, ನಾಲ್ಕು ಥರದ ಗೇರ್, ಇರೋದು ಎರಡೇ ಕೈ

ಹೋದ ತಿಂಗಳು ಒಂದು ಸೋಮವಾರ, ಅಂಗಡಿ ಷಟರ್ ಇನ್ನೂ ಅರ್ಧ ಎತ್ತಿದ್ದೆ, ಅಷ್ಟರಲ್ಲೇ ಒಬ್ಬ ಗಿರಾಕಿ ಸೈಕಲ್ ತಳ್ಳಿಕೊಂಡು ಬಂದರು. ಮೊಣಕೈಗೆ ಬ್ಯಾಂಡೇಜು. ಎಡಗಡೆ ಪೆಡಲ್ ಕೆರೆದುಹೋಗಿತ್ತು. "ಅಣ್ಣಾ, ಗೇರ್ ಕೆಟ್ಟಿದೆ. ನಂದಿ ಹತ್ತುವಾಗ ಹಗುರ ಮಾಡೋಕೆ ಅಂತ ಒತ್ತಿದ್ರೆ ಭಾರ ಆಗುತ್ತೆ. ಕಾಲು ಪೆಡಲ್‌ನಿಂದ ಬಿಡಿಸೋದ್ರೊಳಗೆ ಬಿದ್ದೆ" ಅಂದರು.

ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದೆ. ಪೆಡಲ್ ತಿರುಗಿಸಿ ಹತ್ತೂ ಗೇರ್ ಹಾಕಿ ನೋಡಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬೀಳ್ತಿತ್ತು.

"ಸರ್, ಮನೇಲಿ ಬೇರೆ ಸೈಕಲ್ ಇದೆಯಾ?"

"ಮೂರಿವೆ. ರೋಡ್ ಬೈಕ್ ಒಂದು, ಅದರ ಗೇರ್ ಶಿಮಾನೊ ಕಂಪನಿದು. ಇದು ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು, ಸ್ರಾಮ್. ಯಾಕೆ?"

ಅಲ್ಲಿಗೆ ಕಾಯಿಲೆ ಗೊತ್ತಾಯಿತು. ಸೈಕಲ್ಲಿಗೆ ಏನೂ ಆಗಿರಲಿಲ್ಲ.

ಸ್ರಾಮ್‌ನವರ ಡಬಲ್‌ಟ್ಯಾಪ್‌ನಲ್ಲಿ ಬ್ರೇಕ್ ಲಿವರ್ ಹಿಂದೆ ಒಂದೇ ಒಂದು ಚಿಕ್ಕ ಲಿವರ್ ಇರುತ್ತದೆ. ಬಲಗೈಯದನ್ನು ಸ್ವಲ್ಪ ತಟ್ಟಿದರೆ ಚೈನು ಹಿಂದಿನ ಹಲ್ಲಿನ ಚಕ್ರಗಳಲ್ಲಿ ಚಿಕ್ಕ ಚಕ್ರಕ್ಕೆ ಇಳಿಯುತ್ತದೆ, ಅಂದರೆ ಭಾರದ ಗೇರ್. ಅದೇ ಲಿವರನ್ನು ಉದ್ದಕ್ಕೆ ಒತ್ತಿದರೆ ಚೈನು ದೊಡ್ಡ ಚಕ್ರಕ್ಕೆ ಹತ್ತುತ್ತದೆ, ಹಗುರ. ಉದ್ದಕ್ಕೆ ಒತ್ತುವಾಗಲೂ ಮೊದಲು ಆ ಚಿಕ್ಕ ಕ್ಲಿಕ್ಕನ್ನು ದಾಟಿಯೇ ಹೋಗಬೇಕು. ಈಗ ನೀವು ಆಗಲೇ ಕಟ್ಟಕಡೆಯ ದೊಡ್ಡ ಚಕ್ರದಲ್ಲಿದ್ದೀರಿ, ಏರು ಕಡಿದಾಗಿದೆ, ಕಣ್ಣಿಗೆ ಬೆವರು ಇಳೀತಿದೆ, ಎಷ್ಟನೇ ಗೇರ್ ಅಂತ ನೆನಪಿಲ್ಲ, ಇನ್ನೊಂದು ಸಿಕ್ಕೀತೇನೋ ಅಂತ ಲಿವರ್ ಒತ್ತುತ್ತೀರಿ. ಮುಂದೆ ಎಳೆಯಲು ಗೇರೇ ಇಲ್ಲ. ಉಳಿಯೋದು ಆ ಮೊದಲ ಕ್ಲಿಕ್ ಮಾತ್ರ. ಕೈ ಬಿಟ್ಟ ಕೂಡಲೇ ಚೈನು ಟಕ್ ಅಂತ ಭಾರದ ಗೇರಿಗೆ ಬೀಳುತ್ತದೆ. ಶಿಮಾನೊದಲ್ಲಿ ಹೀಗಾಗಲ್ಲ, ಅಲ್ಲಿ ಹಗುರ ಮಾಡೋಕೆ ಬ್ರೇಕ್ ಲಿವರನ್ನೇ ಒಳಕ್ಕೆ ತಳ್ಳಬೇಕು, ಭಾರ ಮಾಡೋಕೆ ಅದರ ಹಿಂದಿನ ಸಣ್ಣ ಲಿವರ್. ಗೇರ್ ಮುಗಿದಿದ್ದರೆ ತಳ್ಳಿದರೂ ಸುಮ್ನೆ ಇರುತ್ತದೆ. ಅದೇ ಅಭ್ಯಾಸದಲ್ಲಿ ಇವರು ಒತ್ತಿದ್ದಾರೆ.

ಈಗ ಬೆಂಗಳೂರಲ್ಲಿ ಮೂರು ನಾಲ್ಕು ಸೈಕಲ್ ಇಟ್ಟುಕೊಂಡವರು ಜಾಸ್ತಿ ಆಗಿದ್ದಾರೆ. ಒಂದು ರೋಡ್ ಬೈಕ್, ಒಂದು ಎಂಟಿಬಿ (ಮೌಂಟನ್ ಬೈಕ್), ಆಫೀಸಿಗೆ ಒಂದು ಹೈಬ್ರಿಡ್, ಜೊತೆಗೆ ಓಎಲ್ಎಕ್ಸ್‌ನಲ್ಲಿ ಆಸೆಪಟ್ಟು ತಗೊಂಡದ್ದು ಒಂದು. ಬಣ್ಣ, ತೂಕ, ಟೈರು ಎಲ್ಲ ನೋಡಿ ತರುತ್ತಾರೆ. ಗೇರ್ ಬದಲಾಯಿಸೋ ಶಿಫ್ಟರ್ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋರು ಕಮ್ಮಿ.

ನೆನಪಿಡೋದಕ್ಕೆ ಒಂದು ದಾರಿ ಇದೆ. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸೋದು ಡಿರೇಲರ್. ಹಿಂದಿನ ಡಿರೇಲರ್ ಒಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಕೇಬಲ್ ಬಿಟ್ಟರೆ ಆ ಸ್ಪ್ರಿಂಗ್ ಚೈನನ್ನು ತಾನೇ ಚಿಕ್ಕ ಚಕ್ರದ ಕಡೆ ಎಳೆದುಕೊಂಡು ಹೋಗುತ್ತದೆ. ದೊಡ್ಡ ಚಕ್ರಕ್ಕೆ ಹತ್ತಿಸಬೇಕಾದರೆ ನಿಮ್ಮ ಬೆರಳು ಸ್ಪ್ರಿಂಗ್ ಜೊತೆ ಜಗ್ಗಾಡಿ ಕೇಬಲ್ ಎಳೆಯಬೇಕು. ಹಾಗಾಗಿ ಯಾವ ಲಿವರ್ ದೊಡ್ಡದೋ, ಯಾವುದನ್ನು ಉದ್ದಕ್ಕೆ ಒತ್ತಬೇಕೋ, ಅದು ಚೈನನ್ನು ದೊಡ್ಡ ಚಕ್ರಕ್ಕೆ ಹತ್ತಿಸುತ್ತದೆ. ಸಣ್ಣ ಕ್ಲಿಕ್ ಅಂದರೆ ಬಿಡುವುದು, ಚಿಕ್ಕ ಚಕ್ರ. ಪೆಡಲ್ ಹತ್ತಿರದ ಮುಂದಿನ ಚಕ್ರಗಳನ್ನು ಬದಲಾಯಿಸೋ ಎಡಗೈಗೂ ಇದೇ ಲೆಕ್ಕ. ಆದರೆ ಮುಂದೆ ದೊಡ್ಡ ಚಕ್ರ ಅಂದರೆ ಭಾರ, ಹಿಂದೆ ದೊಡ್ಡ ಚಕ್ರ ಅಂದರೆ ಹಗುರ. ಹೊಸಬರು ಇಲ್ಲಿ ಒದ್ದಾಡುತ್ತಾರೆ. "ಹಗುರ, ಭಾರ" ಅಂತ ಯೋಚಿಸಬೇಡಿ, "ದೊಡ್ಡದು, ಚಿಕ್ಕದು" ಅಂತ ಯೋಚಿಸಿ ಅಂತ ನಾನು ಹೇಳೋದು ಅದಕ್ಕೆ.

ಶಿಮಾನೊ 1990ರಲ್ಲಿ ಬ್ರೇಕ್ ಲಿವರ್ ಒಳಗೇ ಗೇರ್ ಕೂರಿಸಿ ಎಸ್‌ಟಿಐ ತಂದಿತು. 1992ರಲ್ಲಿ ಇಟಲಿಯ ಕಂಪಾಗ್ನೊಲೊ ಎರ್ಗೊಪವರ್ ತಂದಿತು. ಸ್ರಾಮ್‌ನ ಡಬಲ್‌ಟ್ಯಾಪ್ ಬಂದದ್ದು 2006ರ ಸುಮಾರಿಗೆ. ಒಬ್ಬರ ಪೇಟೆಂಟ್ ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಹಾಗಾಗಿ ಮೂವರದ್ದೂ ಮೂರು ದಾರಿ. ಆದರೂ ಮೂರರಲ್ಲೂ ಸ್ಪ್ರಿಂಗಿನ ಲೆಕ್ಕ ಒಂದೇ.

ಹೆಬ್ಬೆರಳೇ ಮೋಸ ಮಾಡೋದು. ಎಂಟಿಬಿ, ಹೈಬ್ರಿಡ್‌ನ ನೇರ ಹ್ಯಾಂಡಲ್‌ನಲ್ಲಿರುವ ಶಿಮಾನೊ ರ‍್ಯಾಪಿಡ್‌ಫೈರ್‌ನಲ್ಲಿ ಹೆಬ್ಬೆರಳಿನ ಲಿವರ್ ಚೈನನ್ನು ದೊಡ್ಡ ಚಕ್ರಕ್ಕೆ ಹತ್ತಿಸುತ್ತದೆ. ಕಂಪಾಗ್ನೊಲೊದಲ್ಲಿ ಹೆಬ್ಬೆರಳಿನ ಗುಂಡಿ ಚಿಕ್ಕದಕ್ಕೆ ಇಳಿಸುತ್ತದೆ. ಅಷ್ಟೇ ಯಾಕೆ, ಶಿಮಾನೊದ್ದೇ ಕಮ್ಮಿ ಬೆಲೆಯ ಟೂರ್ನಿ ಎ070 ಅನ್ನೋ, ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್‌ನ ಶಿಫ್ಟರ್‌ನಲ್ಲೂ ಹೆಬ್ಬೆರಳಿನ ಗುಂಡಿ ಇಳಿಸೋದಕ್ಕೇ ಇರೋದು. ಇನ್ನು ಸ್ರಾಮ್‌ನ ವೈರ್‌ಲೆಸ್ ಇಟ್ಯಾಪ್ ಬಂದ ಮೇಲೆ ಈ ಲೆಕ್ಕವೇ ತಲೆಕೆಳಗು. ಬಲಗೈ ಒತ್ತಿದರೆ ಭಾರ, ಎಡಗೈ ಒತ್ತಿದರೆ ಹಗುರ, ಎರಡೂ ಒಟ್ಟಿಗೆ ಒತ್ತಿದರೆ ಮುಂದಿನ ಚಕ್ರ. ಕೇಬಲ್ಲೇ ಇಲ್ಲ ಅಂದಮೇಲೆ ಬೆರಳು ಸ್ಪ್ರಿಂಗ್ ಜೊತೆ ಜಗ್ಗಾಡೋ ಪ್ರಶ್ನೆಯೂ ಇಲ್ಲ. ನನ್ನ ಪ್ರಕಾರ ಕಲಿಯೋಕೆ ಅದೇ ಸುಲಭ. ಚಾರ್ಜ್ ಮಾಡೋದು ಮರೆಯದಿದ್ದರೆ.

ಜರ್ಮನಿಯಲ್ಲಿ ಕೆಲಸ ಮಾಡಿ ಬಂದವರೊಬ್ಬರು ಅಲ್ಲಿಂದ ಹಬ್ ಗೇರ್ ಸೈಕಲ್ ತಂದಿದ್ದಾರೆ, ಗೇರ್ ಪೂರ್ತಿ ಹಿಂದಿನ ಗಾಲಿಯ ನಡುವಿನ ಹಬ್ ಒಳಗೆ. ಇಂಗ್ಲೆಂಡಿನ ಸ್ಟರ್ಮಿ ಆರ್ಚರ್‌ನವರು ನೂರು ವರ್ಷಕ್ಕೂ ಹಿಂದೆಯೇ ಮಾಡಿದ ತಂತ್ರ ಇದು. ಸಿಗ್ನಲ್‌ನಲ್ಲಿ ನಿಂತಾಗ ಆರಾಮಾಗಿ ಗೇರ್ ಬದಲಾಯಿಸಬಹುದು, ಪೆಡಲ್ ತುಳಿಯೋದು ನಿಲ್ಲಿಸಿದರೇ ಒಳ್ಳೆಯದು. ಡಿರೇಲರ್ ಸೈಕಲ್‌ನಲ್ಲಿ ಇದಕ್ಕೆ ಉಲ್ಟಾ, ತುಳಿಯುತ್ತಿದ್ದರೆ ಮಾತ್ರ ಗೇರ್ ಬೀಳೋದು. ಹಬ್ ಗೇರ್ ಅಭ್ಯಾಸದಲ್ಲಿ ಇವರು ಸಿಗ್ನಲ್‌ನಲ್ಲಿ ನಿಂತು ತಮ್ಮ ಎಂಟಿಬಿಯ ನಾಲ್ಕು ಗೇರ್ ಒಟ್ಟಿಗೆ ಒತ್ತಿ, ಹಸಿರು ದೀಪ ಬಂದ ಕೂಡಲೇ ಎದ್ದು ತುಳಿದಿದ್ದಾರೆ. ಚೈನ್ ತುಂಡಾಗಿ ನನ್ನ ಹತ್ತಿರ ಬಂತು.

ಹಾಗಾದರೆ ಬೇರೆ ಬೇರೆ ಶಿಫ್ಟರ್ ಇಟ್ಟುಕೊಳ್ಳಲೇಬಾರದಾ? ಹಾಗೇನಿಲ್ಲ. ಇಷ್ಟು ವರ್ಷ ಅಂಗಡಿಯಲ್ಲಿ ನೋಡಿದ್ದರಲ್ಲಿ, ಎಂಟಿಬಿಯಿಂದ ರೋಡ್ ಬೈಕಿಗೆ ಹತ್ತಿದವರು ಗೊಂದಲ ಮಾಡಿಕೊಳ್ಳೋದು ಅಪರೂಪ. ಕೂತ ಭಂಗಿ ಬೇರೆ, ಕೈ ಇಡುವ ಜಾಗ ಬೇರೆ, ಹಾಗಾಗಿ ಕೈಗೆ ತಾನಾಗೇ ಗೊತ್ತಾಗುತ್ತದೆ. ಪ್ಯಾಂಟಿನ ಜೇಬು, ಅಂಗಿಯ ಜೇಬು ಗೊಂದಲ ಆಗುತ್ತಾ ಹೇಳಿ? ತೊಂದರೆ ಆಗೋದು ಒಂದೇ ಆಕಾರದ ಎರಡು ಸೈಕಲ್‌ಗಳಲ್ಲಿ. ಎರಡೂ ಡ್ರಾಪ್ ಹ್ಯಾಂಡಲ್, ಎರಡೂ ಅದೇ ಅಳತೆ, ಕೈ ಕೂರೋ ಜಾಗ ಅದೇ, ಆದರೆ ಬೆರಳಿಗೆ ಬೇರೆ ಉತ್ತರ. ಅದಕ್ಕೇ ಡ್ರಾಪ್ ಹ್ಯಾಂಡಲ್ ಸೈಕಲ್ ಎರಡಿದ್ದರೆ ಎರಡಕ್ಕೂ ಒಂದೇ ಥರದ ಶಿಫ್ಟರ್ ಇಡಿ. ನೇರ ಹ್ಯಾಂಡಲ್‌ನದು ಬೇರೆ ಕಂಪನಿಯದಾದರೂ ನಡೆಯುತ್ತದೆ.

ಬ್ರೇಕ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಠ. ಒಂದು ಸೈಕಲ್‌ನಲ್ಲಿ ಮುಂದಿನ ಬ್ರೇಕ್ ಬಲಗೈಗೆ, ಇನ್ನೊಂದರಲ್ಲಿ ಎಡಗೈಗೆ ಇದ್ದರೆ ನಾನು ಅದನ್ನು ಹಾಗೇ ವಾಪಸ್ ಕೊಡಲ್ಲ. ಗಿರಾಕಿ ಬೈದುಕೊಂಡರೂ ಎಲ್ಲವನ್ನೂ ಒಂದೇ ಕಡೆ ಮಾಡಿಸಿಕೊಳ್ಳಿ ಅಂತೀನಿ. ಗೇರ್ ತಪ್ಪಿದರೆ ಸದ್ದು ಬರುತ್ತೆ, ಇಳಿಜಾರಿನಲ್ಲಿ ಬ್ರೇಕ್ ತಪ್ಪಿದರೆ ಹಲ್ಲು ಹೋಗುತ್ತೆ.

ಇನ್ನು ಸ್ಪೇರ್ ಪಾರ್ಟ್ಸ್ ಗೋಳು. ಇದರಲ್ಲಿ ನಾನೇ ಬಿದ್ದಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಸೈಕಲ್ ಬಂತು, 10 ಸ್ಪೀಡ್, ಅಂದರೆ ಹಿಂದೆ ಹತ್ತು ಚಕ್ರ, ಡಿರೇಲರ್ ಬಾಗಿಹೋಗಿತ್ತು. ಶಿಫ್ಟರ್ ಶಿಮಾನೊದ ಟಿಯಾಗ್ರಾ 4700. ನನ್ನ ಹತ್ತಿರ ಹಳೆಯದೊಂದು 10 ಸ್ಪೀಡ್ ಡಿರೇಲರ್ ಇತ್ತು, ಅದೇ ಕಂಪನಿಯದು. ಹತ್ತು ಅಂದರೆ ಹತ್ತು ಅಲ್ವಾ ಅಂತ ಹಾಕಿದೆ. ಮೊದಲ ಗೇರ್ ಸರಿ. ಎರಡನೆಯದು ಕಿರಕಿರ. ನಾಲ್ಕನೇ ಕ್ಲಿಕ್ಕಿಗೆ ಚೈನು ಹೋಗಬೇಕಾದ ಚಕ್ರ ಬಿಟ್ಟು ಅದರ ಪಕ್ಕದ್ದಕ್ಕೇ ಹೋಗಿ ನಿಂತಿತು. ಬ್ಯಾರೆಲ್ ತಿರುಗಿಸಿದೆ, ಕೇಬಲ್ ಬದಲಾಯಿಸಿದೆ, ಹ್ಯಾಂಗರ್ ನೇರ ಮಾಡಿದೆ, ಮಧ್ಯಾಹ್ನದ ಊಟ ಬಿಟ್ಟೆ. ಆಮೇಲೆ ಪೇಪರ್ ಹಿಡಿದು ಲೆಕ್ಕ ಹಾಕಿದೆ.

ಲೆಕ್ಕ ಇಷ್ಟೇ. ಹಳೆಯ ಶಿಮಾನೊ ರೋಡ್ 10 ಸ್ಪೀಡ್ ಶಿಫ್ಟರ್ ಒಂದು ಕ್ಲಿಕ್ಕಿಗೆ ಸುಮಾರು 2.3 ಮಿಲಿಮೀಟರ್ ಕೇಬಲ್ ಎಳೆಯುತ್ತದೆ. ಹಳೆಯ ಡಿರೇಲರ್ ಅದನ್ನು 1.7 ಪಟ್ಟು ಮಾಡಿ ಚೈನನ್ನು ಸರಿಸುತ್ತದೆ. ಸುಮಾರು 3.9 ಬರುತ್ತದೆ, ಚಕ್ರಗಳ ನಡುವಿನ ಅಂತರವೂ ಹತ್ತಿರ ಹತ್ತಿರ ಅಷ್ಟೇ. 4700 ಎಳೆಯೋದು 11 ಸ್ಪೀಡ್‌ನವರ ಹಾಗೆ, ಸುಮಾರು 2.7. ಅದನ್ನು 1.7ರಿಂದ ಗುಣಿಸಿದರೆ 4.6 ಆಗಿಬಿಡುತ್ತದೆ. ನಾಲ್ಕು ಕ್ಲಿಕ್ ಆಗೋ ಹೊತ್ತಿಗೆ ಎರಡೂವರೆ ಮಿಲಿಮೀಟರ್ ಆಚೆ. ಯಾವ ಸ್ಕ್ರೂ ತಿರುಗಿಸಿದರೂ ಅದು ಸರಿ ಹೋಗಲ್ಲ.

ಚೈನೂ ಅಷ್ಟೆ. 6, 7, 8 ಸ್ಪೀಡಿಗೆ ಒಂದೇ ಚೈನ್ ನಡೆಯುತ್ತದೆ. 9, 10, 11ಕ್ಕೆ ಬರಬರುತ್ತಾ ತೆಳು, ಅದರ ಜಾಯಿಂಟ್ ಲಿಂಕೂ ಬೇರೆ. ನಾಲ್ಕು ಸೈಕಲ್‌ಗೆ ನಾಲ್ಕು ಲೆಕ್ಕ ಇದ್ದರೆ ನಾಲ್ಕು ಡಬ್ಬಿ ಬೇಕು, ಡಬ್ಬಿ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದಿಡಿ.

ನನ್ನ ಸ್ವಂತದ್ದು ಮೂರು ಸೈಕಲ್. ಎರಡು ಹಳೆಯ ಶಿಮಾನೊ 9 ಸ್ಪೀಡ್. ಆ ಕಾಲದಲ್ಲಿ ರೋಡ್‌ಗೂ ಎಂಟಿಬಿಗೂ ಹಿಂದಿನ ಡಿರೇಲರ್ ಲೆಕ್ಕ ಒಂದೇ ಇತ್ತು, ಅದಕ್ಕೇ ನನ್ನ ರೋಡ್ ಬೈಕಿಗೆ ಎಂಟಿಬಿಯ ಡಿರೇಲರ್ ಹಾಕಿ 34 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು) ಕೂರಿಸಿದ್ದೇನೆ, ನಂದಿ ಹತ್ತುವಾಗ ಯಾರಾದರೂ ನಕ್ಕರೆ ನಗಲಿ. 2023ರಲ್ಲಿ ಬಂದ ಶಿಮಾನೊದ ಕ್ಯೂಸ್‌ನಲ್ಲಿ 9, 10, 11ಕ್ಕೆ ಮತ್ತೆ ಒಂದೇ ಲೆಕ್ಕ ಮಾಡಿದ್ದಾರೆ, ಒಳ್ಳೆಯದೇ, ಆದರೆ ಹಳೆಯ 9ರ ಜೊತೆ ಅದು ಹೊಂದಲ್ಲ. ಮೂರನೆಯದು ಹಳೇ ಕಬ್ಬಿಣದ ಸೈಕಲ್, ಲಿವರ್ ಫ್ರೇಮಿನ ಮೇಲಿದೆ, ಕ್ಲಿಕ್ಕೇ ಇಲ್ಲ. ಸದ್ದು ಕೇಳಿಕೊಂಡು ಸರಿಸಬೇಕು. ಯಾವ ಡಿರೇಲರ್ ಹಾಕಿದರೂ ತಕರಾರು ಮಾಡಲ್ಲ.

ಬ್ಯಾಂಡೇಜಿನವರ ಕಥೆ ಏನಾಯಿತು ಅಂತೀರಾ? ಎರಡು ಡ್ರಾಪ್ ಹ್ಯಾಂಡಲ್‌ನಲ್ಲಿ ಒಂದನ್ನು ಮಾರಿ ಸರ್ ಅಂದೆ. ಮನಸ್ಸು ಬರಲಿಲ್ಲ. ಕೊನೆಗೆ ಹಳೇ ಶಿಮಾನೊ ಸೈಕಲ್‌ಗೆ ನೇರ ಹ್ಯಾಂಡಲ್ ಹಾಕಿದೆವು. ಅದು 9 ಸ್ಪೀಡ್ ಆಗಿದ್ದರಿಂದ ಬಲಗಡೆ ಎಂಟಿಬಿಯ ಶಿಫ್ಟರ್ ಸರಿಯಾಗಿ ಕೂತಿತು. ಎಡಗಡೆಯದು ಹೊಂದಲ್ಲ, ರೋಡ್ ಬೈಕಿನ ಮುಂದಿನ ಡಿರೇಲರ್ ಎಳೆತವೇ ಬೇರೆ, ಅದಕ್ಕೆ ಕ್ಲಿಕ್ ಇಲ್ಲದ ಲಿವರ್ ಹಾಕಿದೆ. ಬ್ರೇಕ್ ಲಿವರ್ ಕೂಡ ರೋಡ್ ಬೈಕಿನ ಕ್ಯಾಲಿಪರ್ ಬ್ರೇಕಿಗೆ ಸರಿಹೊಂದುವಂಥದ್ದೇ ಹುಡುಕಬೇಕಾಯಿತು, ಎಂಟಿಬಿ, ಹೈಬ್ರಿಡ್‌ಗಳ ವಿ ಬ್ರೇಕಿನ ಲಿವರ್ ಹಾಕಿದ್ದರೆ ಜಾಸ್ತಿ ಕೇಬಲ್ ಎಳೆದು, ಎಷ್ಟು ಹಿಂಡಿದರೂ ಹಿಡಿತ ಸಿಗುತ್ತಿರಲಿಲ್ಲ. ಈಗ ಅದರಲ್ಲಿ ಹಾಲು, ತರಕಾರಿ ತರುತ್ತಾರೆ. ಬಿಚ್ಚಿದ ಡ್ರಾಪ್ ಹ್ಯಾಂಡಲ್, ಎಸ್‌ಟಿಐ ಜೋಡಿ ಸಮೇತ ನನ್ನ ಅಂಗಡಿಯಲ್ಲೇ ಗೋಡೆಗೆ ನೇತುಹಾಕಿದೆ. 9 ಸ್ಪೀಡ್ ಇರೋರು ಯಾರಾದರೂ ಇದ್ದರೆ ಬಂದು ನೋಡಿ.